ಯಂಕಂಚಿಯಿಂದ ವಿಜಯಪುರಕ್ಕೆ: ‘ನಿಮಗಿದು ಗೊತ್ತಾ?’

ನಾಲ್ಕು ಗೆಳತಿಯರು ಒಂದೆಡೆ ಸೇರಿದರೆ ಅಡುಗೆ, ಮಕ್ಕಳ ಓದು, ನೆಂಟರ ಮದುವೆ ಎಲ್ಲ ಮುಗಿದ ಮೇಲೆ ಯಾರಾದರೊಬ್ಬರು “ನಿಮಗಿದು ಗೊತ್ತಾ?” ಎಂದು ಶುರು ಮಾಡಿಯೇ ಮಾಡುತ್ತಾರೆ. ಜಿರಲೆ ತಲೆಯಿಲ್ಲದೆ ಎಷ್ಟು ದಿನ ಬದುಕುತ್ತದೆ, ಜೇನುತುಪ್ಪ ಯಾಕೆ ಕೆಡುವುದಿಲ್ಲ ಎಂಬಂಥ ಸಂಗತಿಗಳು. ಕೇಳಿದವರು ಕಣ್ಣರಳಿಸುತ್ತಾರೆ, ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹಿಂದೆ ಬಾವಿಕಟ್ಟೆಯಲ್ಲಿ ನಡೆಯುತ್ತಿದ್ದದ್ದು ಈಗ ಮೊಬೈಲಿನಲ್ಲಿ ನಡೆಯುತ್ತಿದೆ, ಅಷ್ಟೇ.

ಆದರೆ ದೂರದ ಜಿರಲೆ, ಜೇನುತುಪ್ಪಗಳನ್ನು ಬಿಟ್ಟು ನಮ್ಮದೇ ನೆಲದ ಸಂಗತಿಗಳನ್ನು ಹಂಚಿಕೊಳ್ಳುವುದಾದರೆ? ನೀವು ಸಿಂದಗಿ ತಾಲೂಕಿನ ಯಂಕಂಚಿಯವರು ಎಂದಿಟ್ಟುಕೊಳ್ಳಿ. ಗೆಳತಿಯರ ಜೊತೆ ಬೆಳಿಗ್ಗೆ ಹೊರಟು, ಸಿಂದಗಿಯಲ್ಲಿ ಬಸ್ಸು ಹಿಡಿದು, ದೇವರ ಹಿಪ್ಪರಗಿ ದಾಟಿ ವಿಜಯಪುರಕ್ಕೆ ಹೋಗುತ್ತಿದ್ದೀರಿ. ಕಿಟಕಿಯ ಆಚೆ ಎರೆಭೂಮಿ, ಜೋಳ, ತೊಗರಿ, ಹತ್ತಿ. ಮಾತಾಡಲು ಬೇಕಾದಷ್ಟು ಸಮಯವಿದೆ. ಏನು ಹೇಳುತ್ತೀರಿ?

ಇಂಡಿಯ ನಿಂಬೆ, ಕೊಲ್ಹಾರದ ಗಟ್ಟಿ ಮೊಸರು ಎಲ್ಲರಿಗೂ ಗೊತ್ತಿದ್ದದ್ದೇ. ತಾಳಿಕೋಟೆಯಿಂದ ಶುರು ಮಾಡಿ. 1565ರ ಜನವರಿಯಲ್ಲಿ ನಡೆದ ‘ತಾಳಿಕೋಟೆ ಯುದ್ಧ’ವನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆ ಯುದ್ಧ ನಡೆದದ್ದು ತಾಳಿಕೋಟೆಯಲ್ಲಲ್ಲ! ದಖ್ಖನ್ನಿನ ಸುಲ್ತಾನರ ಸೈನ್ಯಗಳು ತಾಳಿಕೋಟೆಯಲ್ಲಿ ಜಮಾಯಿಸಿದ್ದು ನಿಜ. ಕಾಳಗವಾದದ್ದು ಅಲ್ಲಿಂದ ಬಲು ದೂರ, ಕೃಷ್ಣಾ ನದಿ ದಾಟಿದ ಮೇಲೆ. ಅದಕ್ಕೇ ಕನ್ನಡದ ಪುಸ್ತಕಗಳಲ್ಲಿ ರಕ್ಕಸಗಿ–ತಂಗಡಗಿ ಯುದ್ಧ ಎಂಬ ಹೆಸರೂ ಇದೆ. ಇನ್ನೊಂದು ಸಂಗತಿಯನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿ. ವಿಜಯನಗರದ ರಾಮರಾಯನ ಸೈನ್ಯದಲ್ಲಿ ಮುಸ್ಲಿಮ್ ಸರದಾರರಿದ್ದರು, ಸುಲ್ತಾನರ ಕಡೆ ಮರಾಠ ಸರದಾರರಿದ್ದರು. ಅದಕ್ಕೂ ಕೆಲವು ವರ್ಷ ಮೊದಲು ಬಿಜಾಪುರದ ಒಂದನೇ ಅಲಿ ಆದಿಲ್ ಶಾಹ್, ಮಗನನ್ನು ಕಳೆದುಕೊಂಡಿದ್ದ ರಾಮರಾಯನನ್ನು ಸಂತೈಸಲು ಸ್ವತಃ ವಿಜಯನಗರಕ್ಕೆ ಹೋಗಿದ್ದ. ಹಂಪಿ ಹಾಳಾದದ್ದು ಸುಳ್ಳಲ್ಲ, ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ ತರಗತಿಯಲ್ಲಿ ನಿಮ್ಮ ಮಗಳ ಕಡೆ ತಿರುಗಿ “ನಿಮ್ಮವರು ನಮ್ಮವರನ್ನು ಕೊಂದ ಯುದ್ಧ” ಎಂದು ಯಾರಾದರೂ ಅಂದರೆ, ಎರಡೂ ಕಡೆ ಎರಡೂ ಜನ ಇದ್ದರು ಎಂದು ಹೇಳುವಷ್ಟು ಆಕೆಗೆ ಗೊತ್ತಿರಬೇಕು.

ಬಿಜಾಪುರದ ಬಗ್ಗೆ ಇನ್ನೊಂದು ಮಾತು ಬಹಳ ಓಡಾಡುತ್ತದೆ. ಲೀಲಾವತಿ ಗಣಿತ ಬರೆದ ಭಾಸ್ಕರಾಚಾರ್ಯ ಇಲ್ಲಿಯವನು ಎಂಬುದು. ಆತ 1114ರಲ್ಲಿ ಹುಟ್ಟಿದವನು. ತನ್ನ ಊರನ್ನು ವಿಜ್ಜಡವಿಡ ಎಂದು ಬರೆದಿದ್ದಾನೆ. ಅದು ಬಿಜಾಪುರವೇ ಎಂದು ಕೆಲವರು, ಮಹಾರಾಷ್ಟ್ರದ ಕಡೆಯ ಊರು ಎಂದು ಕೆಲವರು ವಾದಿಸುತ್ತಾರೆ. ಅದು ಹಾಗಿರಲಿ. ಲೀಲಾವತಿಯ ಕಥೆ ಕೇಳಿದ್ದೀರಲ್ಲ? ಮಗಳ ಮದುವೆಯ ಮುಹೂರ್ತ ನೋಡಲು ತಂದೆ ನೀರಿನಲ್ಲಿ ಗಳಿಗೆ ಬಟ್ಟಲು ತೇಲಿಬಿಟ್ಟ. ಮಗಳು ಬಗ್ಗಿ ನೋಡುವಾಗ ಆಕೆಯ ಒಡವೆಯ ಮುತ್ತೊಂದು ಬಿದ್ದು ಬಟ್ಟಲಿನ ತೂತು ಮುಚ್ಚಿತು, ಮುಹೂರ್ತ ತಪ್ಪಿತು. ದುಃಖದಲ್ಲಿದ್ದ ಮಗಳ ಹೆಸರು ಉಳಿಯಲೆಂದು ತಂದೆ ಗ್ರಂಥ ಬರೆದ. ಈ ಕಥೆ ಭಾಸ್ಕರನ ಗ್ರಂಥದಲ್ಲಿಲ್ಲ. ಲೀಲಾವತಿ ತನ್ನ ಮಗಳು ಎಂದೂ ಆತ ಅಲ್ಲಿ ಹೇಳಿಲ್ಲ. ಕಥೆ ನಮಗೆ ಸಿಗುವುದು ಸುಮಾರು ನಾನೂರು ವರ್ಷಗಳ ನಂತರ, 1587ರಲ್ಲಿ, ಅಕ್ಬರನ ಆಸ್ಥಾನದ ಕವಿ ಫೈಝಿ ಆ ಗಣಿತವನ್ನು ಫಾರಸಿಗೆ ಅನುವಾದಿಸಿದಾಗ. ಸಂಸ್ಕೃತದ ಗಣಿತವನ್ನು ಒಬ್ಬ ಮುಸ್ಲಿಮ್ ವಿದ್ವಾಂಸ ಫಾರಸಿಗೆ ತಂದ ಎಂಬುದೇ ನನಗಂತೂ ಆ ಮುತ್ತಿನ ಕಥೆಗಿಂತ ದೊಡ್ಡ ಅಚ್ಚರಿ. ಹಂಚಿಕೆಯಾಗುವುದು ಮಾತ್ರ ಮದುವೆ ತಪ್ಪಿದ ಹುಡುಗಿಯ ಕಥೆ.

ಹೊಲಗಳ ಆಚೆ, ಊರು ಸಿಗುವ ಮೊದಲೇ ಗೋಲ ಗುಮ್ಮಟ ಕಾಣಿಸಿಕೊಳ್ಳುತ್ತದೆ. ಮುಹಮ್ಮದ್ ಆದಿಲ್ ಶಾಹ್‌ನ ಸಮಾಧಿ. 1656ರಲ್ಲಿ ಆತ ತೀರಿಕೊಂಡಾಗಲೂ ಕೆಲಸ ಪೂರ್ತಿ ಮುಗಿದಿರಲಿಲ್ಲ. ‘ಜಗತ್ತಿನ ಎರಡನೆಯ ದೊಡ್ಡ ಗುಮ್ಮಟ’ ಎಂದು ಎಲ್ಲರೂ ಹೇಳುತ್ತಾರೆ. ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ರೋಮ್ ನಗರದ ಪ್ಯಾಂಥಿಯನ್ ಗುಮ್ಮಟ 43 ಮೀಟರಿಗೂ ಹೆಚ್ಚು, ಸಂತ ಪೀಟರ್ ಚರ್ಚಿನದು ಸುಮಾರು 41. ಆದ್ದರಿಂದ ಎರಡನೆಯದೆಂಬುದು ನಿಲ್ಲುವ ಮಾತಲ್ಲ. ಹಾಗೆಂದು ಕಟ್ಟಡ ಚಿಕ್ಕದಾಗುವುದಿಲ್ಲ. ಒಳಗೆ ಹೋಗಿ ತಲೆಯೆತ್ತಿ ನೋಡಿ, ನಡುವೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳು ಅಷ್ಟೂ ಭಾರವನ್ನು ಗೋಡೆಗಳಿಗೆ ಇಳಿಸುತ್ತವೆ. ಮೂಲೆಯ ಗೋಪುರದ ಕಿರಿದಾದ ಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತಿದರೆ ಪಿಸುಗುಟ್ಟುವ ಮೊಗಸಾಲೆ. ಮಂಡಿನೋವಿನವರು ಕೆಳಗೇ ಕುಳಿತಿರಲಿ, ಇಳಿಯುವಾಗ ಇನ್ನೂ ಕಷ್ಟ. ಗೋಡೆಗೆ ಮುಖವಿಟ್ಟು ಪಿಸುಗುಟ್ಟಿದರೆ ಶಬ್ದ ಚೆದರದೆ ಗೋಡೆಯ ಬಾಗಿನ ಗುಂಟ ಹರಿದು ಎದುರು ಬದಿಯ ಗೆಳತಿಯ ಕಿವಿ ಸೇರುತ್ತದೆ. ಪ್ರತಿಧ್ವನಿ ಏಳು ಸಲ ಎನ್ನುವವರಿದ್ದಾರೆ, ಹತ್ತು, ಹನ್ನೊಂದು ಎನ್ನುವವರೂ ಇದ್ದಾರೆ. ಜನ ಕಡಿಮೆಯಿರುವ ಬೆಳಗಿನ ಹೊತ್ತು ಹೋಗಿ, ಒಂದೇ ಚಪ್ಪಾಳೆ ತಟ್ಟಿ, ನೀವೇ ಎಣಿಸಿಕೊಳ್ಳಿ.

ಮೊಗಸಾಲೆಯಲ್ಲಿ ನಿಂತಾಗ ಯಾರಾದರೂ ರಂಭೆಯ ಕಥೆ ಹೇಳದೆ ಬಿಡುವುದಿಲ್ಲ. ರಂಭಾ ಸುಲ್ತಾನನ ಮೆಚ್ಚಿನ ನರ್ತಕಿ. “ನನ್ನನ್ನು ನಿಜವಾಗಿ ಪ್ರೀತಿಸುತ್ತಿದ್ದರೆ ಇಲ್ಲಿಂದ ಹಾರು” ಎಂದು ಸುಲ್ತಾನ ತಮಾಷೆಗೆ ಹೇಳಿದನಂತೆ, ಆಕೆ ಹಾರಿಯೇಬಿಟ್ಟಳಂತೆ. ಕೆಳಗೆ ಕಟ್ಟೆಯ ಮೇಲೆ ಸುಲ್ತಾನನ ಪಕ್ಕದಲ್ಲಿ ಆಕೆಯ ಗುರುತಿನ ಸಮಾಧಿ ಇರುವುದು ನಿಜ. (ನೀವು ಮೇಲೆ ನೋಡುವುದು ಗುರುತಿನ ಕಲ್ಲುಗಳು ಮಾತ್ರ, ನಿಜವಾದ ಕಬರ್‌ಗಳು ಅದರಡಿಯ ನೆಲಮಾಳಿಗೆಯಲ್ಲಿವೆ.) ಹಾರಿದ ಕಥೆ ಬಾಯಿಮಾತಿನದು.

ಇಂಥದೇ, ಇದಕ್ಕಿಂತ ಭಯಂಕರವಾದ ಕಥೆ ಊರಿನ ಪಶ್ಚಿಮಕ್ಕಿದೆ. ಸಾಠ್ ಕಬರ್ ಎಂಬ ಜಾಗ. ಹೆಸರಿನಲ್ಲಿ ಅರವತ್ತು, ಎಣಿಸಿದವರು ಅರವತ್ತಮೂರು ಎನ್ನುತ್ತಾರೆ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫ್ಝಲ್ ಖಾನನಿಗೆ ನೀನು ತಿರುಗಿ ಬರುವುದಿಲ್ಲವೆಂದು ಜ್ಯೋತಿಷಿ ಹೇಳಿದನಂತೆ. ತಾನು ಸತ್ತ ಮೇಲೆ ಹೆಂಡತಿಯರು ಬೇರೆಯವರ ಪಾಲಾಗಬಾರದೆಂದು ಅಷ್ಟೂ ಮಂದಿಯನ್ನು ಬಾವಿಗೆ ನೂಕಿಸಿ ಕೊಂದನಂತೆ. ವಿಜಯಪುರದ ಬಗ್ಗೆ ಅತಿ ಹೆಚ್ಚು ಹಂಚಿಕೆಯಾಗುವ ‘ನಿಮಗಿದು ಗೊತ್ತಾ’ ಬಹುಶಃ ಇದೇ.

ಇದರಲ್ಲಿ ಕೈಗೆ ಸಿಗುವುದೆಷ್ಟು ನೋಡಿ. ಸಾಲುಸಾಲಾಗಿ ಒಂದೇ ಬಗೆಯ ಕಬರ್‌ಗಳಿವೆ. ಮೇಲ್ಭಾಗ ಚಪ್ಪಟೆಯಾಗಿದೆ, ಈ ಕಡೆ ಹೆಂಗಸರ ಗೋರಿಗಳನ್ನು ಹಾಗೆಯೇ ಕಟ್ಟುತ್ತಿದ್ದರು. ಆದ್ದರಿಂದ ಇಲ್ಲಿ ಮಲಗಿರುವವರು ಸ್ತ್ರೀಯರು ಎನ್ನಲು ಆಧಾರವಿದೆ. ಅಫ್ಝಲ್ ಖಾನ್ 1659ರ ನವೆಂಬರಿನಲ್ಲಿ ಪ್ರತಾಪಗಡದ ಬಳಿ ಸತ್ತದ್ದು ಇತಿಹಾಸ. ಈ ಎರಡರ ನಡುವಿನದೆಲ್ಲ ಜನ ಕಟ್ಟಿಕೊಂಡು ಬಂದ ಕಥೆ. ಒಂದು ದೊಡ್ಡ ಮನೆತನದ ಹೆಂಗಸರನ್ನು ತಲೆಮಾರುಗಳ ಕಾಲ ಒಂದೇ ಕಡೆ ದಫನ್ ಮಾಡಿರಬಹುದಲ್ಲ? ರೋಗ ಬಂದು ಹೋಗಿರಬಹುದಲ್ಲ? ನಾಲ್ವರಿಗಿಂತ ಹೆಚ್ಚು ಪತ್ನಿಯರಿಗೆ ಅವಕಾಶವೇ ಇಲ್ಲದ ಧರ್ಮದವನಿಗೆ ಅರವತ್ತಮೂರು ‘ಹೆಂಡತಿಯರು’ ಎಲ್ಲಿಂದ ಬಂದರು ಎಂಬ ಪ್ರಶ್ನೆಯನ್ನಾದರೂ ಕೇಳಬೇಕಲ್ಲ? ಕೊಂದಿರಲಿಕ್ಕೇ ಇಲ್ಲ ಎಂದು ನಾನು ಸಾಧಿಸುತ್ತಿಲ್ಲ. ಅಧಿಕಾರಸ್ಥರ ಜನಾನಾಗಳಲ್ಲಿ ಘೋರಗಳು ನಡೆದಿಲ್ಲವೆಂದು ಯಾರು ಹೇಳಿಯಾರು? ಆದರೆ ಒಬ್ಬ ಮನುಷ್ಯನ ಮೇಲೆ ಅರವತ್ತಮೂರು ಕೊಲೆ ಹೊರಿಸುವಾಗ ಸಾಕ್ಷಿ ಬೇಡವೇ? ಅಷ್ಟು ಹೆಂಗಸರಲ್ಲಿ ಒಬ್ಬಳ ಹೆಸರಾದರೂ ಕಥೆ ಹೇಳುವವರಿಗೆ ಗೊತ್ತೇ?

ಸುದ್ದಿ ಬಂದಾಗ ಅದನ್ನು ಪರಿಶೀಲಿಸಿಕೊಳ್ಳಿ, ಅರಿಯದೆ ಯಾರಿಗೋ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಎಚ್ಚರಿಸುತ್ತದೆ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬ ಸುಳ್ಳುಗಾರನಾಗಲು ಸಾಕು ಎಂಬರ್ಥದ ಪ್ರವಾದಿ(ಸ)ಯವರ ಮಾತೂ ಸಹೀಹ್ ಮುಸ್ಲಿಮ್‌ನಲ್ಲಿದೆ. ಸತ್ತವರ ಬಗ್ಗೆ ಇದು ಅನ್ವಯವಾಗುವುದಿಲ್ಲವೆಂದು ಎಲ್ಲೂ ಹೇಳಿದಂತಿಲ್ಲ.

ಮಲಿಕ್–ಎ–ಮೈದಾನ್ ತೋಪಿನ ಬಳಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. 1549ರಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಇಷ್ಟು ದೊಡ್ಡ ತೋಪನ್ನು 1854ರಲ್ಲಿ ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ! ಆಮೇಲೆ ಹರಾಜು ರದ್ದಾಯಿತು, ತೋಪು ಉಳಿಯಿತು. ಇದನ್ನು ಧಾರಾಳವಾಗಿ ಹಂಚಿ.

ಇಬ್ರಾಹೀಮ್ ರೋಜಾಕ್ಕೆ ಮಾತ್ರ ಪುರುಸೊತ್ತು ಮಾಡಿಕೊಂಡು ಹೋಗಿ. ಹೆಸರು ಸುಲ್ತಾನ ಎರಡನೇ ಇಬ್ರಾಹೀಮನದು. ಬಾಗಿಲಿನ ಮೇಲಿನ ಶಾಸನದಲ್ಲಿರುವುದು ಆತನ ರಾಣಿ ತಾಜ್ ಸುಲ್ತಾನಾಳ ಹೆಸರು. ಕಟ್ಟಿಸಿದವನು ಮಲಿಕ್ ಸಂದಲ್, ತಗಲಿದ ಖರ್ಚು ಒಂದೂವರೆ ಲಕ್ಷ ಹೊನ್ನಿನಷ್ಟು ಎಂಬುದೂ ಅಲ್ಲೇ ಕಲ್ಲಿನಲ್ಲಿದೆ. ರಾಣಿಗಾಗಿ ಎದ್ದ ಕಟ್ಟಡದಲ್ಲಿ 1627ರಲ್ಲಿ ಸುಲ್ತಾನನೇ ಮೊದಲು ಹೋಗಿ ಮಲಗಬೇಕಾಯಿತು, ಹೆಸರೂ ಆತನ ಪಾಲಾಯಿತು. ಊರೊಳಗಿನ ತಾಜ್ ಬಾವಡಿಯೂ ಇದೇ ರಾಣಿಯ ಹೆಸರಿನದು, 1620ರದ್ದು. ಎತ್ತರದಿಂದ ಹಾರಿದ ರಂಭೆಯನ್ನು ಊರೆಲ್ಲ ಬಲ್ಲದು. ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡ ಈಕೆಯನ್ನು ಎಷ್ಟು ಜನ ಬಲ್ಲರು?

ಕೊನೆಗೆ ಶಹಾಪುರ ದರವಾಜೆಯ ಕಡೆಗಿರುವ ಚಾಂದ್ ಬಾವಡಿ, 1579ರದ್ದು. ಅಹ್ಮದ್‌ನಗರದ ರಾಜಕುಮಾರಿ ಚಾಂದ್ ಬೀಬಿ ಬಿಜಾಪುರಕ್ಕೆ ಸೊಸೆಯಾಗಿ ಬಂದದ್ದು ನಾವು ಆಗಲೇ ಮಾತಾಡಿದ ಆ ಯುದ್ಧದ ದೆಸೆಯಿಂದ. ಸುಲ್ತಾನರು ಒಂದಾಗುವಾಗ ಹದಿಹರೆಯದ ಆಕೆಯನ್ನು ಅಲಿ ಆದಿಲ್ ಶಾಹ್‌ನಿಗೆ ನಿಕಾಹ್ ಮಾಡಿಕೊಟ್ಟರು, ಜೊತೆಗೆ ಸೊಲ್ಲಾಪುರದ ಕೋಟೆಯನ್ನೂ ಕೊಟ್ಟರು. 1580ರಲ್ಲಿ ಗಂಡ ಕೊಲೆಯಾದಾಗ ಪಟ್ಟಕ್ಕೆ ಬಂದ ಇಬ್ರಾಹೀಮ್ ಇನ್ನೂ ಒಂಬತ್ತು ವರ್ಷದ ಹುಡುಗ. ಆತನ ಪರವಾಗಿ ಆಡಳಿತ ನೋಡಿದ್ದು, ಮಂತ್ರಿಗಳ ಕೈಯಲ್ಲಿ ಸೆರೆಯಾಗಿ ಬಿಡಿಸಿಕೊಂಡು ಬಂದದ್ದು, ಕೊನೆಗೆ ತವರಿಗೆ ಮರಳಿ 1595ರಲ್ಲಿ ಮೊಗಲರ ಮುತ್ತಿಗೆಯನ್ನು ಎದುರಿಸಿದ್ದು ಈಕೆಯೇ. ಕೋಟೆಯ ಗೋಡೆ ಸ್ಫೋಟದಿಂದ ಬಿರಿದಾಗ ಆಕೆ ಪರದೆ ಹೊದ್ದು, ಬಿಚ್ಚುಗತ್ತಿ ಹಿಡಿದು ಆ ಬಿರುಕಿನಲ್ಲೇ ಬಂದು ನಿಂತಳು ಎಂದು ಚರಿತ್ರೆಕಾರ ಫಿರಿಶ್ತಾ ಬರೆದಿದ್ದಾನೆ. ಆತ ತನ್ನ ಚರಿತ್ರೆ ಬರೆದದ್ದು ಬಿಜಾಪುರದಲ್ಲೇ.

ಆಕೆಯ ಅಂತ್ಯವನ್ನು ಗೆಳತಿಯರಿಗೆ ಬಿಡದೆ ಹೇಳಿ. 1600ರಲ್ಲಿ ಮೊಗಲರು ಮತ್ತೆ ಬಂದಾಗ ಕೋಟೆಯಲ್ಲಿ ಒಗ್ಗಟ್ಟಿರಲಿಲ್ಲ. ಜನರ ಪ್ರಾಣ ಉಳಿಸಿಕೊಂಡು ಒಪ್ಪಂದಕ್ಕೆ ಹೋಗುವುದೇ ಸರಿಯೆಂದು ಆಕೆ ನಂಬಿದ ಒಬ್ಬ ಸರದಾರನ ಜೊತೆ ಮಾತಾಡಿದಳು. ಆತ ಹೊರಗೆ ಓಡಿಬಂದು ‘ಬೀಬಿ ಕೋಟೆಯನ್ನು ಮೊಗಲರಿಗೆ ಮಾರುತ್ತಿದ್ದಾಳೆ’ ಎಂದು ಕೂಗಿದ. ಅರ್ಧ ನಿಜದ ಮಾತು. ಯಾರೂ ಕೇಳಿ ತಿಳಿದುಕೊಳ್ಳಲಿಲ್ಲ. ಆಕೆ ಯಾರನ್ನು ಕಾಪಾಡಿದ್ದಳೋ ಆ ಸೈನಿಕರೇ ಒಳನುಗ್ಗಿ ಆಕೆಯನ್ನು ಕೊಂದರು. ಬೇಗನೆ ಕೋಟೆಯೂ ಹೋಯಿತು.

ಸಂಜೆಯ ಬಸ್ಸಿಗೆ ಜಾಗ ಹಿಡಿದು ಕುಳಿತ ಮೇಲೆ, ಸಿಂದಗಿ ಬರುವುದರೊಳಗೆ ಹೇಳಲು ಒಂದು ಸಂಗತಿ ಉಳಿಸಿಕೊಳ್ಳಿ. ಚಾಂದ್ ಬೀಬಿಗೆ ಅರಬಿ, ಫಾರಸಿ, ತುರ್ಕಿ, ಮರಾಠಿ ಬರುತ್ತಿದ್ದವು ಎನ್ನುತ್ತಾರೆ ಚರಿತ್ರೆಕಾರರು. ಜೊತೆಗೆ ಅವರು ಎಣಿಸುವ ಇನ್ನೊಂದು ಭಾಷೆ ಯಾವುದೆಂದು ಪಕ್ಕದಲ್ಲಿ ಕುಳಿತ ಖಾಲಾರನ್ನು ಕೇಳಿ ನೋಡಿ. ಕನ್ನಡ.