ಗುಂಡನ ತವರಿಗೆ ನಾವು ಹೊರಟೆವು, ಗುಂಡ ಬರಲಿಲ್ಲ

ಈ ತಿಂಗಳ ಕೊನೆಗೆ ನಾವು ರೆಡಿಂಗ್ ಬಿಟ್ಟು ಆಸ್ಟ್ರೇಲಿಯಾದ ಅಡಿಲೇಡ್‌ಗೆ ಹೊರಟಿದ್ದೇವೆ. ಸಾಮಾನು ಮಾರಿದ್ದು, ಮನೆ ಖಾಲಿ ಮಾಡಿದ್ದು ಎಲ್ಲರಿಗೂ ಗೊತ್ತಿರುವ ಕಥೆ, ಅದನ್ನು ಬರೆಯುವುದಿಲ್ಲ. ನಮ್ಮ ಮನೆಗೆ ಬಂದ ನೀವೆಲ್ಲ ಒಳಗೆ ಕಾಲಿಡುವ ಮುಂಚೆ "ಹಾವಿನ ಪೆಟ್ಟಿಗೆ ಮುಚ್ಚಿದೆ ತಾನೇ?" ಅಂತ ಕೇಳುತ್ತಿದ್ದಿರಿ. ಆ ಹಾವು ಎಲ್ಲಿ ಹೋಯ್ತು, ಉಳಿದವು ಏನಾದವು ಅಂತ ಈಗ ಫೋನ್ ಮಾಡಿ ಕೇಳುತ್ತಿದ್ದೀರಿ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆಯೋಣ ಅಂದುಕೊಂಡೆವು.

ನಾವಿಬ್ಬರೂ ಪಾಳಿ ಕೆಲಸದವರು. ಒಬ್ಬರು ಆಸ್ಪತ್ರೆಯಲ್ಲಿ ನರ್ಸ್, ಇನ್ನೊಬ್ಬರು ಗೋದಾಮಿನಲ್ಲಿ. 2021ರಲ್ಲಿ ಐದು ವರ್ಷದ ವೀಸಾ, ನಾಲ್ಕು ಸೂಟ್‌ಕೇಸು, ಏಳು ವರ್ಷದ ಮಗ, ಇಷ್ಟು ಕಟ್ಟಿಕೊಂಡು ಬಂದೆವು. ತೀರ್ಥಹಳ್ಳಿಯ ಮನೆಯಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ಹೊರಡುವ ದಿನ ಮಗ ಅದರ ಕತ್ತು ತಬ್ಬಿಕೊಂಡು ಕಾರು ಹತ್ತಲು ಒಪ್ಪಲಿಲ್ಲ. "ನಾವು ಮೊದ್ಲು ಹೋಗಿ ಮನೆ ಮಾಡೋಣ, ಆಮೇಲೆ ಕರಿಯನ್ನ ಕರೆಸ್ಕೊಳ್ಳೋಣ" ಅಂದೆವು. ಕರೆಸಿಕೊಳ್ಳುವುದಿಲ್ಲ ಅಂತ ಹೇಳುವಾಗಲೇ ನಮಗೆ ಗೊತ್ತಿತ್ತು. ಮರುವರ್ಷ ಕರಿಯ ಸತ್ತುಹೋಯಿತು. ಮಗ ಅಳಲಿಲ್ಲ. "ಅದಕ್ಕೆ ಟಿಕೆಟ್ ತೆಗೆದಿದ್ರಾ?" ಅಂತ ಒಂದೇ ಮಾತು ಕೇಳಿದ.

ಆ ಮಾತಿಗೆ ಉತ್ತರ ಇಲ್ಲದೆ ಕೊಡಿಸಿದ್ದು ಮೊದಲ ಲೆಪರ್ಡ್ ಗೆಕ್ಕೊ. ಮೈತುಂಬ ಚಿರತೆಯಂಥ ಚುಕ್ಕೆ, ಕಣ್ಣಿಗೆ ರೆಪ್ಪೆ ಇರುವ, ಗೋಡೆ ಹತ್ತಲು ಬಾರದ ಹಲ್ಲಿ. ನಾಯಿ, ಬೆಕ್ಕು ಬೇಡ ಅಂದಿದ್ದ ಮನೆ ಮಾಲೀಕರು ಗಾಜಿನ ಪೆಟ್ಟಿಗೆಯ ಜೀವಕ್ಕೆ ತಕರಾರು ಮಾಡಲಿಲ್ಲ. ಅದು ಕತ್ತಲಾದ ಮೇಲೆ ಏಳುತ್ತಿತ್ತು, ನಮ್ಮ ರಾತ್ರಿ ಪಾಳಿಗೆ ಸರಿಯಾಗಿತ್ತು. ಮಗ ಚುಕ್ಕಿ ಅಂತ ಹೆಸರಿಟ್ಟ. ಆಮೇಲೆ ಇನ್ನೊಂದು ಬಂತು, ಪುಟ್ಟಿ. ಆಸ್ಪತ್ರೆಯ ಸಹೋದ್ಯೋಗಿಯೊಬ್ಬರು ಕೆಲಸ ಬಿಟ್ಟು ತಮ್ಮ ದೇಶಕ್ಕೆ ವಾಪಸಾಗುವಾಗ ಬಿಯರ್ಡೆಡ್ ಡ್ರ್ಯಾಗನ್ ಕೊಟ್ಟುಹೋದರು. ನಮ್ಮೂರ ಓತಿಕ್ಯಾತಕ್ಕೆ ಗಡ್ಡ ಬಂದು ಮೈ ದಪ್ಪವಾದ ಹಾಗೆ ಇತ್ತು, ಅದು ಗುಂಡ. ಪಕ್ಕದ ಮನೆಯ ಬಾಡಿಗೆ ಹುಡುಗ ಊರು ಬದಲಿಸಿದಾಗ ಅವನ ಕಾರ್ನ್ ಸ್ನೇಕ್ ನಮ್ಮಲ್ಲಿ ಉಳಿಯಿತು. ಕಾರ್ನ್ ಅಂದರೆ ಜೋಳ ತಾನೇ, ಹೆಸರೂ ಜೋಳ. ಕೊನೆಗೆ ಬಂದದ್ದು ಹರ್ಮನ್ಸ್ ಜಾತಿಯ ನೆಲದ ಆಮೆ, ಅಜ್ಜಯ್ಯ. ಅದನ್ನು ಕೊಟ್ಟವರೂ ಬೇರೆ ದೇಶಕ್ಕೆ ಹೊರಟವರೇ. ಈಗ ಲೆಕ್ಕ ಹಾಕಿದರೆ ಐದರಲ್ಲಿ ಮೂರು, ನಮ್ಮಂತೆ ಮನೆ ಎತ್ತಿದವರು ಬಿಟ್ಟುಹೋದ ಜೀವಗಳು. ಆಗ ಇದು ನಮಗೆ ಹೊಳೆಯಲಿಲ್ಲ.

ಸಾಕುವುದು ಸುಲಭದ ಮಾತಾಗಿರಲಿಲ್ಲ. ಗುಂಡ ಮೈ ಕಾಯಿಸಿಕೊಳ್ಳುವ ಕಲ್ಲಿನ ಹತ್ತಿರ ಸುಮಾರು 40 ಡಿಗ್ರಿ ಶಾಖ ಬೇಕು. ಸೂರ್ಯನ ಬೆಳಕಿನ ಬದಲಿಗೆ ನೇರಳಾತೀತ ಕಿರಣದ ಟ್ಯೂಬ್ ಬೇಕು. ಅದು ಉರಿಯುತ್ತಲೇ ಇದ್ದರೂ ಕಿರಣದ ಶಕ್ತಿ ಇಳಿಯುವುದರಿಂದ ಆಗಾಗ ಹೊಸದು ಹಾಕಬೇಕು. ಫ್ರೀಜರಿನಲ್ಲಿ ತೆಂಗಿನ ತುರಿಗೊಂದು ಡ್ರಾಯರು, ಜೋಳನ ಇಲಿಗಳಿಗೊಂದು ಡ್ರಾಯರು. ಚಳಿಗಾಲದಲ್ಲಿ ಅಜ್ಜಯ್ಯನ ನಿದ್ದೆಗೆ ಬೇರೆಯೇ ಒಂದು ಪುಟ್ಟ ಫ್ರಿಜ್ಜು, 5 ಡಿಗ್ರಿಯ ಆಸುಪಾಸು, ಗಾಳಿಯಾಡಲಿ ಅಂತ ದಿನಾ ಒಮ್ಮೆ ಬಾಗಿಲು ತೆಗೆದು ಮುಚ್ಚುವುದು. "ಅಜ್ಜಯ್ಯ ಫ್ರಿಜ್ಜಲ್ಲಿ ಮಲಗಿದ್ದಾರೆ" ಅಂತ ಮಗ ಫೋನಿನಲ್ಲಿ ಹೇಳಿದಾಗ ಊರಿನಲ್ಲಿ ಅಮ್ಮ ಹೆದರಿದ್ದರು. ಯಾವುದಕ್ಕೆ ಎಂದು ಊಟ, ಎಷ್ಟು ತೂಕ, ಯಾವತ್ತು ಪೊರೆ ಬಿಟ್ಟಿತು, ಎಲ್ಲ ಮಗನ ನೋಟ್‌ಬುಕ್ಕಿನಲ್ಲಿ. ಐದು ಜೀವಕ್ಕೆ ಐದು ನೋಟ್‌ಬುಕ್ಕು.

ಅಡಿಲೇಡ್‌ನ ಕೆಲಸ ಖಾಯಂ ಆದ ದಿನ ಊಟಕ್ಕೆ ಕೂತಾಗ ವಿಷಯ ಹೇಳಿದೆವು. "ಇವೆಲ್ಲ?" ಅಂದ. ಅವನ ಮುಖ ನೋಡಲಾರದೆ ನಮ್ಮ ಬಾಯಿಂದ ಬಂದುಬಿಟ್ಟಿತು: "ಗುಂಡ ಆಸ್ಟ್ರೇಲಿಯಾದವನೇ ಅಲ್ವೇನೋ, ಅದು ಅವನ ತವರು. ಅವನನ್ನಾದ್ರೂ ಕರ್ಕೊಂಡು ಹೋಗೋಣ." ಅವನು ಮಾರನೆಯ ದಿನವೇ ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ.

ನಿಯಮ ಓದಿದ್ದು ಒಂದು ವಾರದ ನಂತರ. ನಾಯಿ, ಬೆಕ್ಕನ್ನಾದರೆ ಪರೀಕ್ಷೆ, ಚುಚ್ಚುಮದ್ದು, ಕ್ವಾರಂಟೈನ್ ಮುಗಿಸಿ ಆಸ್ಟ್ರೇಲಿಯಾಕ್ಕೆ ಒಯ್ಯಬಹುದು. ಸಾಕಿದ ಸರೀಸೃಪಕ್ಕೆ ದಾರಿಯೇ ಇಲ್ಲ. ಜೋಳ, ಚುಕ್ಕಿಯಂಥ ಹೊರದೇಶದ ಜಾತಿಗಳನ್ನು ಅಲ್ಲಿ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಗುಂಡನ ಜಾತಿ ಅಲ್ಲಿನ ಒಣ ಬಯಲಿನದೇ, ಅಡಿಲೇಡ್‌ನಿಂದ ಉತ್ತರಕ್ಕೆ ಹೋದರೆ ಬೇಲಿ ಗೂಟದ ಮೇಲೆ ಕೂತಿರುತ್ತವೆ. ಆದರೆ ನಮ್ಮ ಗುಂಡ ಹುಟ್ಟಿದ್ದು ಇಂಗ್ಲೆಂಡಿನ ಒಂದು ಪೆಟ್ಟಿಗೆಯಲ್ಲಿ. ತವರು ಅಂತ ನಾವು ಹೇಳಿದರೆ ಆಯಿತೇ? ಹೊರಗಿನ ರೋಗ ಒಳಗೆ ಬಂದರೆ ಅಲ್ಲಿನ ಕಾಡುಜೀವಿಗಳ ಗತಿ ಏನು ಅನ್ನುವುದು ಅವರ ಭಯ, ಅದು ನ್ಯಾಯವೇ.

ಆ ರಾತ್ರಿ ಮಗನಿಗೆ ಹೇಳಿದೆವು. "ಮತ್ತೆ ಕರಿಯನ ಥರಾನೇ" ಅಂದ. ಹೌದು, ಕರಿಯನ ಥರಾನೇ, ತಪ್ಪು ನಮ್ಮದು ಅಂತ ಒಪ್ಪಿಕೊಂಡೆವು. ಇನ್ನು ಮುಂದೆ ನಿನಗೆ ಗೊತ್ತಿಲ್ಲದೆ ಒಂದು ಜೀವವನ್ನೂ ಕಳಿಸುವುದಿಲ್ಲ, ಬಂದವರನ್ನು ನೀನೂ ಕೂತು ನೋಡು ಅಂದೆವು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನೋಟ್‌ಬುಕ್ಕುಗಳನ್ನು ತಂದು ಮೇಜಿನ ಮೇಲಿಟ್ಟ.

ಅಮ್ಮನಿಗೆ ಫೋನ್ ಮಾಡಿದಾಗ ಅವರು ಕೊಟ್ಟ ಸಲಹೆ ಒಂದೇ: "ಕಾಡಿಗೆ ಬಿಟ್ಬಿಡಿ." ಅವರದು ಆಗುಂಬೆ ಸೀಮೆಯ ಲೆಕ್ಕ. ಅಲ್ಲಿ ಕಾಳಿಂಗ ಅಂಗಳಕ್ಕೆ ಬಂದರೂ ಹೊಡೆಯದೆ, ಹಿಡಿಯುವವರನ್ನು ಕರೆಸಿ ಕಾಡಿಗೆ ಬಿಡಿಸುತ್ತಾರೆ. ಇಲ್ಲಿ ಹಾಗೆ ಮಾಡುವಂತಿಲ್ಲ ಅಮ್ಮ, ಇವು ಈ ನಾಡಿನವಲ್ಲ, ಚಳಿಗೆ ಸಾಯುತ್ತವೆ, ಬಿಟ್ಟವರ ಮೇಲೆ 1981ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು ಅಂತ ವಿವರಿಸಿದೆವು. 1990ರ ದಶಕದಲ್ಲಿ ಕಾರ್ಟೂನ್ ಆಮೆಗಳ ಹುಚ್ಚಿನಲ್ಲಿ ಈ ದೇಶದ ಮಕ್ಕಳಿಗೆ ಪುಟ್ಟ ನೀರಾಮೆಗಳನ್ನು ಕೊಡಿಸಿದವರು, ಅವು ತಟ್ಟೆಯಷ್ಟು ಬೆಳೆದ ಮೇಲೆ ಕೆರೆ ಕಾಲುವೆಗೆ ಸುರಿದು ಬಂದಿದ್ದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾಗರ ಪಂಚಮಿಗೆ ತನಿ ಎರೆಯುವವರು, ಮನೆಯೊಳಗೆ ಹಾವು ಸಾಕಿದ್ದಕ್ಕೆ ನಾಲ್ಕು ವರ್ಷ ನಮ್ಮನ್ನು ಬೈದವರು. "ಹಾಗಾದ್ರೆ ಯಾರ ಕೈಗೋ ಹಾಕಿ ಓಡ್ಬೇಡಿ. ಹೆಣ್ಣು ಕೊಡೋ ಮನೆ ನೋಡ್ದಂಗೆ ನೋಡಿ ಕೊಡಿ" ಅಂದರು.

ಆ ಮಾತನ್ನು ಕೂಡಲೇ ಕೇಳಿದ್ದರೆ ಚೆನ್ನಾಗಿತ್ತು. ಮೊದಲು ಬಂದ ಗಂಡ ಹೆಂಡತಿಗೆ ಚುಕ್ಕಿಯನ್ನು ಕೊಟ್ಟುಬಿಟ್ಟೆವು. ಒಳ್ಳೆಯವರು, ಆದರೆ ಹೊಸಬರು. ಮೂರು ವಾರಕ್ಕೆ "ಏನೂ ತಿನ್ನುತ್ತಿಲ್ಲ" ಅಂತ ಮೆಸೇಜು. ಹೋಗಿ ನೋಡಿದರೆ ಕೊಬ್ಬು ತುಂಬಿ ದಪ್ಪಗಿರಬೇಕಾದ ಬಾಲ ಬತ್ತಿ ಕಡ್ಡಿಯಾಗಿತ್ತು. ಕೆಳಗಿನ ಹೀಟ್ ಮ್ಯಾಟ್ ಅತಿಯಾಗಿ ಕಾಯುತ್ತದೆ ಅಂತ ಹೆದರಿ ಆಫ್ ಮಾಡಿಟ್ಟಿದ್ದರು. ಮೈಗೆ ಶಾಖವಿಲ್ಲದೆ ಇವುಗಳಿಗೆ ತಿಂದದ್ದು ಜೀರ್ಣವಾಗುವುದಿಲ್ಲ. ಅತಿಯಾಗಿ ಕಾಯದಂತೆ ತಡೆಯುವ ಥರ್ಮೋಸ್ಟಾಟ್ ಎಲ್ಲಿ? ಅದನ್ನು ನಾವೇ ಬೇರೆಯವರಿಗೆ ಇಪ್ಪತ್ತು ಪೌಂಡಿಗೆ ಮಾರಿದ್ದೆವು! ಚುಕ್ಕಿಯನ್ನು ವಾಪಸು ತಂದು ತಿಂಗಳು ಆರೈಕೆ ಮಾಡಿದೆವು. ಇಪ್ಪತ್ತು ಪೌಂಡಿನ ಆಸೆಗೆ ಒಂದು ಜೀವ ಹೋಗುತ್ತಿತ್ತು.

ಆಮೇಲೆ ಪದ್ಧತಿ ಬದಲಿಸಿದೆವು. ಪ್ರಾಣಿ, ಪೆಟ್ಟಿಗೆ, ದೀಪ, ಥರ್ಮೋಸ್ಟಾಟ್, ನೋಟ್‌ಬುಕ್ಕು ಎಲ್ಲ ಒಟ್ಟಿಗೆ, ದುಡ್ಡಿಲ್ಲದೆ. ಬಂದವರು ನಮ್ಮನ್ನು ಎಷ್ಟು ಪ್ರಶ್ನೆ ಕೇಳುತ್ತಾರೆ ಅಂತ ಮಗ ಎಣಿಸುತ್ತಿದ್ದ. "ಗಾಜಿನ ಪೆಟ್ಟಿಗೆ ಸೇರಿಸಿ ಎಷ್ಟು?" ಅಂತ ಒಂದೇ ಪ್ರಶ್ನೆ ಕೇಳಿದವರಿಗೆ ಟೀ ಕೊಟ್ಟು ಕಳಿಸಿದೆವು. ಪಾರ್ಟಿಯಲ್ಲಿ ಕತ್ತಿಗೆ ಸುತ್ತಿಕೊಳ್ಳಲು ಹಾವು ಬೇಕು ಅಂದ ಹುಡುಗನಿಗೆ ಟೀ ಕೂಡ ಕೊಡಲಿಲ್ಲ. ನಮ್ಮ ಕನ್ನಡದ ಮನೆಯೊಂದರವರು ಅಜ್ಜಯ್ಯನನ್ನು ಕೇಳಿದರು, ಆಮೆ ಇದ್ದರೆ ಮನೆಗೆ ಲಕ್ಷ್ಮಿ ಬರ್ತಾಳಂತೆ ಅಂತ. ಚಳಿಗಾಲದಲ್ಲಿ ಎಲ್ಲಿಡ್ತೀರಿ ಅಂದರೆ ಹಾಲ್‌ನಲ್ಲಿ ಅಂದರು. ನಮ್ಮವರಿಗೇ ಇಲ್ಲ ಅನ್ನುವುದು ಎಷ್ಟು ಕಷ್ಟ! ಆದರೂ ಅಂದೆವು. ಅವರು ಇದನ್ನು ಓದುತ್ತಿದ್ದರೆ, ಕೋಪ ಇಳಿದಿದೆ ತಾನೇ?

ಜೋಳ ಒಬ್ಬ ನಿವೃತ್ತ ಬಸ್ ಚಾಲಕರ ಮನೆ ಸೇರಿತು. ಮೂವತ್ತು ವರ್ಷದಿಂದ ಹಾವು ಸಾಕಿದವರು. ಕೊನೆಯ ಸಲ ಪೊರೆ ಒಂದೇ ತುಂಡಾಗಿ ಬಿಟ್ಟಿತೇ, ಕಣ್ಣಿನ ಮೇಲೆ ಚೂರು ಉಳಿದಿಲ್ಲವೇ ಅಂತ ಕೇಳಿದರು. ಮಗನ ಲೆಕ್ಕದಲ್ಲಿ ಹದಿನಾಲ್ಕು ಪ್ರಶ್ನೆ. ಒಂದು ವಾರ ಅದನ್ನು ಮುಟ್ಟುವುದಿಲ್ಲ, ಹೊಸ ಜಾಗ ಒಗ್ಗಲಿ, ಆಮೇಲೆ ಊಟ ಅಂದರು. ಚುಕ್ಕಿ, ಪುಟ್ಟಿ ಶಾಲೆಯೊಂದರ ಲ್ಯಾಬ್ ಸಹಾಯಕಿಯ ಮನೆಗೆ ಹೋದವು, ಬೇರೆ ಬೇರೆ ಪೆಟ್ಟಿಗೆಯಲ್ಲಿ. ಗುಂಡನನ್ನು ಆಸ್ಪತ್ರೆಯ ಸಹೋದ್ಯೋಗಿಯೊಬ್ಬರು ಒಯ್ದರು. ಅವರ ಮಗಳು ಅದಕ್ಕೆ ಮುಂಚೆ ಮೂರು ಭಾನುವಾರ ನಮ್ಮ ಮನೆಗೆ ಬಂದು ಸೊಪ್ಪು ಹೆಚ್ಚಿ ತಿನ್ನಿಸುವುದನ್ನು ಕಲಿತಳು.

ಕೊನೆಗೆ ಉಳಿದದ್ದು ಅಜ್ಜಯ್ಯ. ಹಿಂದಿನ ಬೀದಿಯ ಒಬ್ಬರು, ಎಪ್ಪತ್ತು ವಯಸ್ಸಿನವರು, ದೊಡ್ಡ ತೋಟ ಇರುವವರು, ನೋಡಲು ಬಂದರು. "ಇದಕ್ಕೆ ವಯಸ್ಸೆಷ್ಟು?" ಅಂದರು. ಹನ್ನೆರಡು ಅಂದೆವು. "ಐವತ್ತು ವರ್ಷ ದಾಟಿಯೂ ಬದುಕುತ್ತವೆ. ನಾನು ಹೋದ ಮೇಲೂ ಇದು ಇರುತ್ತೆ. ಮಗಳನ್ನು ಕೇಳಿ ಹೇಳ್ತೀನಿ" ಅಂತ ಎದ್ದು ಹೋದರು. ನಾಲ್ಕು ದಿನ ಬಿಟ್ಟು ಮಗಳನ್ನೇ ಕರೆದುಕೊಂಡು ಬಂದರು. ತಮ್ಮ ನಂತರ ಅವಳು ನೋಡಿಕೊಳ್ಳುತ್ತಾಳೆ, ಅದನ್ನು ಉಯಿಲಿನಲ್ಲೂ ಬರೆಸುತ್ತೇನೆ ಅಂದರು. ಆಮೆಯ ಮೈಯೊಳಗಿನ ಚಿಪ್ಪಿನ ನಂಬರು, ಆರ್ಟಿಕಲ್ 10 ಪ್ರಮಾಣಪತ್ರ, ಎರಡನ್ನೂ ತಾಳೆ ನೋಡಿ ತಗೊಂಡರು. ಈ ಜಾತಿಯನ್ನು ಮಾರಬೇಕಾದರೆ ಆ ಪತ್ರ ಬೇಕೇ ಬೇಕು. ದಾನ ಕೊಟ್ಟರೂ ಪತ್ರ ಆಮೆಯ ಜೊತೆ ಹೋಗುವುದು ಒಳ್ಳೆಯದು.

ಅವರು ಹೋದ ಮೇಲೆ ನಾವಿಬ್ಬರೂ ಬಹಳ ಹೊತ್ತು ಸುಮ್ಮನೆ ಕೂತಿದ್ದೆವು. ಎಪ್ಪತ್ತರ ಹೆಂಗಸು ಮಾಡಿದ ಲೆಕ್ಕವನ್ನು ನಾವು ಯಾವತ್ತೂ ಮಾಡಿರಲಿಲ್ಲ. ಗೆಕ್ಕೊ ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷ, ಇಪ್ಪತ್ತೂ ಆಗಬಹುದು. ಕಾರ್ನ್ ಸ್ನೇಕ್ ಕೂಡ ಹಾಗೇ. ಗುಂಡನ ಜಾತಿ ಹತ್ತರಿಂದ ಹದಿನೈದು. ನಮ್ಮ ವೀಸಾ ಐದು ವರ್ಷ. ಒಂದು ಜೀವ ಮನೆಗೆ ತರುವಾಗ ಪೆಟ್ಟಿಗೆಯ ಬೆಲೆ ಕೇಳಿದೆವು, ಕರೆಂಟ್ ಖರ್ಚು ಕೇಳಿದೆವು, ಆಯುಸ್ಸು ಎಷ್ಟು ಅಂತ ಕೇಳಲಿಲ್ಲ. ನಮಗೆ ಕೊಟ್ಟುಹೋದವರೂ ಕೇಳಿರಲಿಲ್ಲ.

ಹಾಗಂತ ಸಾಕಬೇಡಿ ಅನ್ನುವುದಿಲ್ಲ. ಆ ಮೊದಲ ಚಳಿಗಾಲ ನಾಲ್ಕು ಗಂಟೆಗೇ ಕತ್ತಲಾಗುವಾಗ ನಮ್ಮ ಮಗನಿಗೆ ಜೊತೆ ಆದದ್ದು ಒಂದು ಹಲ್ಲಿ. ಮಕ್ಕಳು ಕೇಳಿದರೆ ಮೊದಲು ವೀಸಾ ವರ್ಷ, ಆಮೇಲೆ ಅದರ ಆಯುಸ್ಸು, ಎರಡನ್ನೂ ಕಾಗದದ ಮೇಲೆ ಬರೆದು ನೋಡಿ. ಊರು ಬಿಡುವುದು ಖಚಿತವಾದರೆ ಕೊನೆಯ ವಾರಕ್ಕೆ ಬಿಡದೆ ನಾಲ್ಕೈದು ತಿಂಗಳು ಮುಂಚೆ ಶುರು ಮಾಡಿ. ಯಾರೂ ಸಿಗದಿದ್ದರೆ ಕೆಂಟ್‌ನ ಹ್ಯಾಡ್ಲೋ ಕಾಲೇಜಿನಲ್ಲಿ ಸರೀಸೃಪಗಳಿಗಾಗಿಯೇ ಇರುವ ರಾಷ್ಟ್ರೀಯ ಕೇಂದ್ರವನ್ನು, ಆರ್‌ಎಸ್‌ಪಿಸಿಎ ಸಂಸ್ಥೆಯನ್ನು ವಿಚಾರಿಸಿ. ಎಲ್ಲಕ್ಕಿಂತ ಮುಖ್ಯ, ಮಕ್ಕಳಿಗೆ ಸುಳ್ಳು ಹೇಳಬೇಡಿ. ನಾವು ಎರಡು ಸಲ ಹೇಳಿದೆವು.

ಗುಂಡ ಹೋದ ದಿನ ಮಗ ಪೆಟ್ಟಿಗೆಯನ್ನು ತಾನೇ ಕಾರಿನವರೆಗೆ ಹೊತ್ತ. ಅತ್ತ, ನಾವೂ ತಡೆಯಲಿಲ್ಲ. ರಾತ್ರಿ ಮಲಗುವ ಮುಂಚೆ ಕೇಳಿದ: "ಅಡಿಲೇಡ್ ಹತ್ರ ಬೇಲಿ ಮೇಲೆ ಗುಂಡನಂಥವು ಕೂತಿರ್ತವಂತಲ್ಲ, ನೋಡಬಹುದಾ?" ನೋಡಬಹುದು ಅಂದೆವು. "ನೋಡ್ಕೊಂಡು ಬರೋದಷ್ಟೇ. ತರೋದು ಬೇಡ" ಅಂತ ಅವನೇ ಹೇಳಿದ.

ನಾಲ್ಕು ವರ್ಷ ನಮ್ಮನ್ನೂ ನಮ್ಮ ಹಾವನ್ನೂ ಸಹಿಸಿಕೊಂಡ ನಿಮಗೆಲ್ಲ ನಮಸ್ಕಾರ. ಒಂದು ಹೆಚ್ಚುವರಿ ಥರ್ಮೋಸ್ಟಾಟ್, ಎರಡು ದೀಪ, ಅಜ್ಜಯ್ಯನ ಪುಟ್ಟ ಫ್ರಿಜ್ಜು ಉಳಿದಿವೆ. ಬೇಕಾದವರು ಬಂದು ಒಯ್ಯಿರಿ, ದುಡ್ಡು ಬೇಡ. ಯಾವ ಪ್ರಾಣಿಗೆ, ಅದರ ಆಯುಸ್ಸೆಷ್ಟು ಅಂತ ಮಾತ್ರ ತಿಳಿದುಕೊಂಡು ಬನ್ನಿ. ಬಾಗಿಲಲ್ಲೇ ಮಗ ಕೇಳುತ್ತಾನೆ.