ಗಾಡಿಯ ಬುಷ್ ಮತ್ತು ಅತ್ತೆಯ ಸೊಂಟ

ಸಹೋದರಿಯರೇ, ಗಾಡಿಯ ಬುಷ್ ವಿಷಯ ನಮಗೇಕೆ ಎಂದು ನೀವು ಕೇಳಬಹುದು. ಆ ಗಾಡಿಯ ಹಿಂದಿನ ಸೀಟಿನಲ್ಲಿ ಕೂರುವವರು ನಾವೇ ಅಲ್ಲವೇ?

ನಮ್ಮ ಮನೆಯಲ್ಲೊಂದು ಹಳೆಯ ಬೊಲೆರೊ ಇದೆ. ಮೈದುನ ಇಂಡಿಯಲ್ಲಿ ನಿಂಬೆಹಣ್ಣಿನ ಚೀಲ ಹೇರುತ್ತಾನೆ, ಮದುವೆಯ ದಿನಗಳಲ್ಲಿ ಸಿಂದಗಿ, ಮುದ್ದೇಬಿಹಾಳ ಎಂದು ಬಾಡಿಗೆಗೆ ತಿರುಗುತ್ತಾನೆ. ಕಳೆದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆದ ಮೇಲೆ ತಿಂಗಳಿಗೊಮ್ಮೆ ವಿಜಯಪುರಕ್ಕೆ ತಪಾಸಣೆಗೆ ಹೋಗಬೇಕಿತ್ತು. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೇಲೆ ಹಾಕಿದ ಡಾಂಬರು ಅಲೆ ಅಲೆಯಾಗುತ್ತದೆ. ಪ್ರತಿ ತಗ್ಗಿಗೂ ಮುಂದಿನ ಗಾಲಿಯಿಂದ ಕಟಕಟ ಸದ್ದು. ಅತ್ತೆ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ಮನೆಗೆ ಬಂದು ನೋಡಿದರೆ ಅಂಗೈಯಲ್ಲಿ ಉಗುರಿನ ಗುರುತು.

ಲೋವರ್ ಆರ್ಮ್‌ನ ರಬ್ಬರ್ ಬುಷ್ ಹರಿದಿತ್ತು. ಹಾಕಿಸಿ ಹತ್ತು ತಿಂಗಳೂ ಆಗಿರಲಿಲ್ಲ. ಟೈರಿನ ಒಳಮಗ್ಗುಲು ಬೇರೆ ಸವೆದಿತ್ತು. "ಭಾಬಿ, ಈ ಸಲ ಎಲ್ಲಾ ಕಡೆ ಪಿಯು ಹಾಕಿಸ್ತೀನಿ. ಮತ್ತ ನೋಡೋದೇ ಬ್ಯಾಡ" ಎಂದ ಮೈದುನ. ಪಿಯು ಎಂದರೆ ಪಾಲಿಯುರೆಥೇನ್. ಜರ್ಮನಿಯ ಆಟೊ ಬಾಯರ್ 1937ರಲ್ಲಿ ಕಂಡುಹಿಡಿದದ್ದು. ನಮ್ಮ ಚಪ್ಪಲಿ, ಬೂಟುಗಳ ಅಡಿಯಲ್ಲೂ ಅದು ಇರುತ್ತದೆ. ಎಣ್ಣೆಗೆ ಜಗ್ಗುವುದಿಲ್ಲ, ಬೇಗ ಸವೆಯುವುದಿಲ್ಲ. ರಬ್ಬರಿನ ಪಾಡು ಕುಕ್ಕರ್ ಗ್ಯಾಸ್ಕೆಟ್ ನೋಡಿದವರಿಗೆ ಹೇಳಬೇಕಿಲ್ಲ. ಕಾದು ಕಾದು ಬಿರುಸಾಗುತ್ತದೆ, ಬಿರುಕು ಬಿಡುತ್ತದೆ. ಹಾಗೆಂದು ಪಿಯು ಎಲ್ಲವೂ ಒಂದೇ ಅಲ್ಲ. ವರ್ಷಗಟ್ಟಲೆ ಡಬ್ಬಿಯಲ್ಲಿಟ್ಟ ಬೂಟಿನ ಅಡಿ ಪುಡಿಪುಡಿಯಾಗುವುದನ್ನು ನೀವೂ ನೋಡಿರುತ್ತೀರಿ.

ನಾನು ಹಟ ಹಿಡಿದು ಮೈದುನನೊಂದಿಗೆ ವಿಜಯಪುರದ ಹಿರಿಯ ಮಿಸ್ತ್ರಿಯೊಬ್ಬರಲ್ಲಿಗೆ ಹೋದೆ. ಗ್ಯಾರೇಜಿನಲ್ಲಿ ಹೆಂಗಸು ನಿಂತದ್ದಕ್ಕೆ ಹುಡುಗರು ಮುಖ ಮುಖ ನೋಡಿಕೊಂಡರು, ಮಿಸ್ತ್ರಿ ಮಾತ್ರ ಸ್ಟೂಲು ಕೊಡಿಸಿದರು. ಹರಿದ ಬುಷ್ ತಿರುಗಿಸಿ ನೋಡಿ, "ಗಾಲಿ ಜೋತಾಡೋವಾಗ ನಟ್ ಬಿಗದಿದ್ರೇನು?" ಎಂದು ಕೇಳಿದರು. ಹೌದು, ಆ ದಿನ ಗಾಡಿ ಜಾಕ್ ಮೇಲೆಯೇ ಇತ್ತೆಂದು ಮೈದುನನಿಗೆ ನೆನಪಾಯಿತು. "ಹಂಗಾರ ರಬ್ಬರಿಂದೇನು ತಪ್ಪು? ಗಾಡಿ ನೆಲಕ್ಕಿಳಿಸಿ ಭಾರ ಕೂತ ಮ್ಯಾಲೆ ಬಿಗೀಬೇಕ್ರಿ."

ಕಾರಣವನ್ನೂ ಬಿಡಿಸಿ ಹೇಳಿದರು. ಈ ಬುಷ್‌ನಲ್ಲಿ ರಬ್ಬರು ಒಳಗಿನ, ಹೊರಗಿನ ಎರಡೂ ಕಬ್ಬಿಣದ ಕೊಳವೆಗಳಿಗೆ ಅಂಟಿರುತ್ತದೆ. ಗಾಲಿ ಏರಿಳಿದಾಗ ಅದು ಜಾರುವುದಿಲ್ಲ, ತಾನೇ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಗಾಲಿ ಜೋತಾಡುವಾಗ ಬಿಗಿದರೆ ಗಾಡಿ ಇಳಿಸಿದ ಕ್ಷಣದಿಂದಲೇ ತಿರುಚಿಕೊಂಡು ನಿಲ್ಲುತ್ತದೆ. ಒದ್ದೆ ಸೀರೆ ಹಿಂಡಿ ಹಾಗೆಯೇ ಬಿಟ್ಟಂತೆ! ಪಿಯುವಿನಲ್ಲಿ ಒಳಗಿನ ಕೊಳವೆ ತಿರುಗುತ್ತದೆ, ಅದಕ್ಕೆ ಸಿಲಿಕೋನ್ ಗ್ರೀಸ್ ಬೇಕು. ಧೂಳು ಹೊಕ್ಕು ಗ್ರೀಸ್ ಒಣಗಿದರೆ ಕಿರಗುಡುತ್ತದೆ. ಗಟ್ಟಿಯಾದ್ದರಿಂದ ರಸ್ತೆಯ ಸಣ್ಣ ನಡುಕವೂ ಸೀಟಿಗೆ ಮುಟ್ಟುತ್ತದೆ.

ಸದಾ ಭಾರ ಹೇರುವ ಗಾಡಿಯಾಗಿದ್ದರೆ ಮೈದುನನ ಮಾತೇ ಸರಿ. ಆದರೆ ನಮ್ಮ ಗಾಡಿಯಲ್ಲಿ ಅತ್ತೆಯೂ ಇದ್ದರಲ್ಲ! ಮುಂದೆ ಕಂಪನಿಯ ರಬ್ಬರ್ ಬುಷ್, ಚೀಲದ ಭಾರ ಹೊರುವ ಹಿಂದಿನ ಪಾಟಾಕ್ಕೆ ಪಿಯು ಎಂದು ತೀರ್ಮಾನವಾಯಿತು. ಮೈದುನ ದಾರಿಯುದ್ದಕ್ಕೂ ಗೊಣಗಿದ. ರಬ್ಬರ್ ಮತ್ತೆ ಹರಿದರೆ ದುಡ್ಡು ನಾನೇ ಕೊಡಬೇಕಂತೆ. ಒಪ್ಪಿದೆ. ನಟ್ ಬಿಗಿಯುವಾಗ ಗಾಡಿ ನೆಲದ ಮೇಲಿತ್ತೋ ಇಲ್ಲವೋ, ಅದನ್ನು ನಾನೇ ನಿಂತು ನೋಡಿದ್ದೆ.

ಮೊನ್ನೆ ಬಸವನ ಬಾಗೇವಾಡಿಯ ಮದುವೆಗೆ ಹೊರಟಾಗ ಮನಗೂಳಿ ಬರುವಷ್ಟರಲ್ಲಿ ಅತ್ತೆ ನನ್ನ ಹೆಗಲ ಮೇಲೆ ನಿದ್ದೆಹೋಗಿದ್ದರು. ಹಿಂದಿನಿಂದ ಸಣ್ಣಗೆ ಕಿರ್ ಕಿರ್ ಎನ್ನುತ್ತಿತ್ತು. ಗ್ರೀಸ್ ಹಾಕಿಸುವುದನ್ನು ಮೈದುನ ಮರೆತಿದ್ದ.