ವಾಕ್ಯದ ಯಜಮಾನ

ಮದುವೆಯ ಮನೆಯಲ್ಲಿ ಯಜಮಾನನನ್ನು ಗುರುತಿಸುವುದು ಹೊಸಬರಿಗೆ ಸುಲಭವಲ್ಲ. ಜರಿಯ ಶಲ್ಯ ಹೊದ್ದು, ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಕೈಮುಗಿಯುತ್ತಿರುವ ಮಹನೀಯರು ಹುಡುಗಿಯ ದೂರದ ಸೋದರಮಾವನಾಗಿರಬಹುದು. ನಿಜವಾದ ಯಜಮಾನ ಉಗ್ರಾಣದ ಮೂಲೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಸಕ್ಕರೆಯ ಲೆಕ್ಕ ನೋಡುತ್ತಿರಬಹುದು. ಇಂಗ್ಲಿಷಿನ ಮಿಶ್ರವಾಕ್ಯವೂ ಇಂಥದೊಂದು ಮದುವೆಯ ಮನೆಯೇ. ಅಲ್ಲಿ ಪ್ರಧಾನ ವಾಕ್ಯವೆಂಬ ಯಜಮಾನ ಒಬ್ಬನೇ. ಅವನ ಆಶ್ರಯದಲ್ಲಿರುವ ಅಧೀನ ವಾಕ್ಯಗಳು ಎಷ್ಟಾದರೂ ಇರಬಹುದು. ತೊಂದರೆಯೆಂದರೆ ಎಲ್ಲರೂ ಒಂದೇ ಬಗೆಯ ಶಲ್ಯ ಹೊದ್ದಿರುತ್ತಾರೆ.

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಒಂದು ಮನೆ. ಅಲ್ಲಿಯ ಹಿರಿಯರು ಮೂವತ್ತನಾಲ್ಕು ವರ್ಷ ಊರೂರಿನ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತರಾದವರು. ಬೀದಿಯವರಿಗೆಲ್ಲ ಅವರು ‘ಮೇಷ್ಟರು’. ಮನೆಯಲ್ಲಿ ಹೆಂಡತಿಯೂ ಸಿಟ್ಟು ಬಂದಾಗ ಹಾಗೆಯೇ ಕರೆಯುವುದುಂಟು. ಹತ್ತನೆಯ ತರಗತಿಯ ಮೊಮ್ಮಗಳು ಒಂದು ಸಂಜೆ ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ಅವರ ಮುಂದಿಟ್ಟಳು. ಪ್ರಧಾನ ವಾಕ್ಯವನ್ನೂ ಅಧೀನ ವಾಕ್ಯವನ್ನೂ ಬೇರ್ಪಡಿಸಿ ತೋರಿಸಬೇಕೆಂಬ ಪ್ರಶ್ನೆಯಲ್ಲಿ ಹತ್ತಕ್ಕೆ ಮೂರು ಅಂಕ. ಒಳಗಿನಿಂದ ಅಜ್ಜಿ, “ಸಬಾರ್ಡಿನೇಟ್ ಕ್ಲಾಸ್ ಅಂದರೆ ಯಾವ ಕ್ಲಾಸ್? ರೈಲಿನದೋ, ಸ್ಕೂಲಿನದೋ?” ಎಂದು ಕೇಳಿದರು. ಆಕೆಯ ತಪ್ಪೇನಿಲ್ಲ. ರೈಲಿನ ಕ್ಲಾಸಿಗೂ ವ್ಯಾಕರಣದ ಕ್ಲಾಸಿಗೂ ಇಂಗ್ಲಿಷಿನಲ್ಲಿ ಉಚ್ಚಾರಭೇದವಿದ್ದರೂ ಕನ್ನಡದ ನಾಲಗೆ ಎರಡನ್ನೂ ಒಂದೇ ಡಬ್ಬಿಯಲ್ಲಿ ಕೂರಿಸಿಬಿಟ್ಟಿದೆ.

ಮೊಮ್ಮಗಳು ಎಡವಿದ್ದ ಮೊದಲನೆಯ ವಾಕ್ಯ ಬಹಳ ಸಾಧುವಾದದ್ದು: ‘ವೆನ್ ದಿ ರೈನ್ ಸ್ಟಾಪ್ಡ್, ದಿ ಚಿಲ್ಡ್ರನ್ ರಾನ್ ಔಟ್.’ ಅವಳು ‘ದಿ ರೈನ್ ಸ್ಟಾಪ್ಡ್’ ಎಂಬುದರ ಕೆಳಗೆ ಗೆರೆಯೆಳೆದು ಅದನ್ನೇ ಪ್ರಧಾನವೆಂದು ಬರೆದಿದ್ದಳು. ಏಕೆಂದು ಕೇಳಿದರೆ, “ಮಳೆ ನಿಲ್ಲದೆ ಮಕ್ಕಳು ಹೊರಗೆ ಹೋಗುವುದು ಹೇಗೆ ತಾತ? ಮಳೆ ನಿಂತದ್ದೇ ಮುಖ್ಯ” ಎಂದಳು. ಲೋಕಜ್ಞಾನಕ್ಕೆ ಅಂಕ ಕೊಡುವ ಪದ್ಧತಿಯಿದ್ದಿದ್ದರೆ ಇದಕ್ಕೆ ಹತ್ತಕ್ಕೆ ಹತ್ತು ಸಲ್ಲಬೇಕಾಗಿತ್ತು. ಆದರೆ ವ್ಯಾಕರಣದಲ್ಲಿ ‘ಪ್ರಧಾನ’ವೆಂದರೆ ‘ಮುಖ್ಯ’ವೆಂದಲ್ಲ. ಯಾವುದು ತನ್ನ ಕಾಲಮೇಲೆ ತಾನು ನಿಂತಿದೆಯೋ ಅದು ಪ್ರಧಾನ. ಯಾವುದು ಇನ್ನೊಂದರ ಹೆಗಲಿಗೆ ಕೈಹಾಕಿದೆಯೋ ಅದು ಅಧೀನ. ಹೆಗಲಿಗೆ ಕೈಹಾಕಿದವನ ಕಿಸೆಯಲ್ಲಿಯೇ ಹಣವಿರಬಹುದು. ಅದು ಬೇರೆಯ ಮಾತು.

ಸೇವೆಯಲ್ಲಿದ್ದಾಗ ಮೇಷ್ಟರ ಪಾಠಕ್ಕೆ ಮೂರು ಮೆಟ್ಟಿಲುಗಳಿದ್ದವು. ಪೂರ್ಣಕ್ರಿಯಾಪದಗಳನ್ನು ಎಣಿಸು, ಅಷ್ಟು ವಾಕ್ಯಾಂಶಗಳಿವೆಯೆಂದು ತಿಳಿ. ಜೋಡಿಸುವ ಪದಗಳನ್ನು ಹುಡುಕು. ಅಂಥ ಪದ ತಲೆಯ ಮೇಲಿಲ್ಲದ್ದು ಪ್ರಧಾನ. ಕ್ರಮ ಸರಿಯಾದದ್ದೇ. ಮಕ್ಕಳು ಮೊದಲನೆಯ ಮೆಟ್ಟಿಲನ್ನು ಹತ್ತುತ್ತಿದ್ದರು, ಎರಡನೆಯದರಲ್ಲಿ ಜಾರುತ್ತಿದ್ದರು. ಏಕೆ ಜಾರುತ್ತಾರೆಂದು ವಿಚಾರಿಸಲು ಆಗ ಸಮಯವಿರಲಿಲ್ಲ; ಪಾಠ ಮುಗಿಸಬೇಕಾಗಿತ್ತು. ಈಗ ಕೈಯಲ್ಲಿ ಸಮಯವೊಂದೇ ಧಾರಾಳವಾಗಿತ್ತು. ಅವರು ಮೊಮ್ಮಗಳಿಗೆ, “ಅದನ್ನೇ ಕನ್ನಡದಲ್ಲಿ ಹೇಳು” ಎಂದರು.

“ಮಳೆ ನಿಂತಮೇಲೆ ಮಕ್ಕಳು ಹೊರಗೆ ಓಡಿದರು.”

“ಇದರಲ್ಲಿ ಪೂರ್ಣಕ್ರಿಯಾಪದ ಎಷ್ಟು?”

ಹುಡುಗಿ ಎರಡೆನ್ನಲು ಬಾಯಿತೆರೆದು, ತಡೆದು, ಒಂದೇ ಎಂದಳು. ‘ಓಡಿದರು’ ಎಂಬುದೊಂದೇ. ‘ನಿಂತಮೇಲೆ’ ಎಂಬುದು ಎಲ್ಲಿಯೂ ನಿಲ್ಲಲಾರದ ಮಾತು, ಅದನ್ನು ಹೇಳಿ ಸುಮ್ಮನಾದರೆ ಕೇಳುವವರು “ಆಮೇಲೆ?” ಎಂದೇ ಕೇಳುತ್ತಾರೆ.

ಕನ್ನಡದ ಸ್ವಭಾವವೇ ಇದು. ನಮ್ಮ ಮಾತಿನಲ್ಲಿ ಅಧೀನತೆಯ ಗುರುತು ಸಾಮಾನ್ಯವಾಗಿ ಕ್ರಿಯಾಪದದ ಬಾಲದಲ್ಲಿದೆ. ಬಂದರೆ, ಬಂದರೂ, ಬರುವಾಗ, ಬಂದಮೇಲೆ, ಬರುವತನಕ, ಬಂದದ್ದರಿಂದ—ಒಂದೊಂದು ಬಾಲವೂ “ನಾನು ಯಜಮಾನನಲ್ಲ, ಅವರು ಹಿಂದೆ ಬರುತ್ತಿದ್ದಾರೆ” ಎಂದು ಸಾರುತ್ತದೆ. ಬೆಳಗ್ಗೆ ಎದ್ದು, ಮುಖ ತೊಳೆದು, ಕಾಫಿ ಕುಡಿದು, ಪತ್ರಿಕೆ ಓದಿ, ಹೆಂಡತಿಯೊಡನೆ ಎರಡು ಮಾತು ಜಗಳವಾಡಿ, ಸ್ನಾನ ಮಾಡಿ ಕಚೇರಿಗೆ ಹೊರಟರು ಎಂದರೆ, ಅಷ್ಟು ಕೆಲಸಗಳಾದರೂ ಪೂರ್ಣಕ್ರಿಯೆ ‘ಹೊರಟರು’ ಎಂಬುದೊಂದೇ. ಉಳಿದವೆಲ್ಲ ಅದರ ಸವಾರಿಯ ಮುಂದೆ ಓಡುವ ಆಳುಗಳು. ವಾಕ್ಯದ ಕೊನೆಯವರೆಗೆ ಕಾದರೆ ಸಾಕು, ಯಜಮಾನರು ತಾವಾಗಿಯೇ ಬರುತ್ತಾರೆ.

ಇಂಗ್ಲಿಷಿನಲ್ಲಿ ಗುರುತಿರುವುದು ಬಾಲದಲ್ಲಲ್ಲ, ತಲೆಯಲ್ಲಿ. ‘ದಿ ರೈನ್ ಸ್ಟಾಪ್ಡ್’ ಎಂಬುದು ಕರ್ತೃಪದ, ಕ್ರಿಯಾಪದ, ಕಾಲ ಎಲ್ಲವನ್ನೂ ಪಡೆದ ಸಂಪೂರ್ಣ ವಾಕ್ಯ. ಅದರ ಮುಂದೆ ‘ವೆನ್’ ಎಂಬ ಒಂದು ಟೊಪ್ಪಿಗೆಯಿಟ್ಟ ಕೂಡಲೆ ಅದು ಆಳಾಗುತ್ತದೆ; ಮೈಮೇಲಿನ ಬಟ್ಟೆಯ ಒಂದು ಗುಂಡಿಯೂ ಬದಲಾಗುವುದಿಲ್ಲ. ‘ಇಫ್’, ‘ಬಿಕಾಸ್’, ‘ಆಲ್ದೋ’, ‘ಅನ್‌ಲೆಸ್’, ‘ಟಿಲ್’ ಎಲ್ಲವೂ ಇಂಥ ಟೊಪ್ಪಿಗೆಗಳೇ. ಹುಟ್ಟಿದಾರಭ್ಯ ಬಾಲವನ್ನು ನೋಡಿ ಜಾತಿ ಹೇಳಲು ಕಲಿತ ಕನ್ನಡದ ಮಗು, ‘ಸ್ಟಾಪ್ಡ್’ ಎಂಬ ಪೂರ್ಣಕ್ರಿಯೆಯನ್ನು ಕಂಡು ಇವರೇ ಯಜಮಾನರೆಂದು ನಮಸ್ಕಾರ ಮಾಡಿಬಿಡುತ್ತದೆ. ಇದು ದಡ್ಡತನವಲ್ಲ, ಒಂದು ಭಾಷೆಯಲ್ಲಿ ಕಲಿತ ಜಾಣತನ ಇನ್ನೊಂದರಲ್ಲಿ ದಾರಿತಪ್ಪಿಸುವ ಬಗೆ.

ಈ ಮಾತನ್ನು ಹೇಳುವಾಗ ಮೇಷ್ಟರ ದನಿ ಸ್ವಲ್ಪ ಇಳಿಯಿತು. ಮಲೆನಾಡಿನ ಅಂಚಿನ ಒಂದು ಶಾಲೆಯಲ್ಲಿ ಹಿಂದೆ ಒಬ್ಬ ಹುಡುಗನಿದ್ದ. ಕನ್ನಡದಲ್ಲಿ ಎರಡು ಪುಟದ ಪ್ರಬಂಧವನ್ನು ತಪ್ಪಿಲ್ಲದೆ ಬರೆಯುತ್ತಿದ್ದವನು ಈ ವಾಕ್ಯವಿಭಜನೆಯಲ್ಲಿ ವಾರವಾರವೂ ಸೊನ್ನೆ ಪಡೆಯುತ್ತಿದ್ದ. ಅವನ ಉತ್ತರಗಳು ಮೊಮ್ಮಗಳ ಉತ್ತರಗಳ ಪಡಿಯಚ್ಚು. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಮಾತನಾಡಿದರೆ ಅಲ್ಲಿ ದಂಡ ವಿಧಿಸುತ್ತಿದ್ದರು. ದಂಡದ ಡಬ್ಬಿ ಮೇಷ್ಟರ ಮೇಜಿನ ಮೇಲೆಯೇ ಇರುತ್ತಿತ್ತು. ‘ಅದನ್ನೇ ಕನ್ನಡದಲ್ಲಿ ಹೇಳು’ ಎಂಬ ಮೂರು ಪದಗಳನ್ನು ಅವರು ಆ ಹುಡುಗನಿಗೆ ಒಮ್ಮೆಯೂ ಹೇಳಲಿಲ್ಲ. ಅವನು ಇಂಗ್ಲಿಷೊಂದರಲ್ಲಿ ಎರಡು ಸಲ ನಪಾಸಾಗಿ ಓದು ಬಿಟ್ಟನೆಂದು ಆಮೇಲೆ ತಿಳಿಯಿತು.

ವಾಕ್ಯವನ್ನು ಹೀಗೆ ಬಿಡಿಸಿ ನೋಡುವ ವಿದ್ಯೆ ನಮ್ಮ ಹಳೆಯ ವೈಯಾಕರಣರದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ನಾಮ, ಸಮಾಸ, ಆಖ್ಯಾತವೆಂದು ಎಂಟು ಪ್ರಕರಣಗಳನ್ನು ರಚಿಸಿದ, ವಾಕ್ಯಕ್ಕೆಂದು ಪ್ರತ್ಯೇಕವಾದ ಪ್ರಕರಣವಿಲ್ಲ. ವಾಕ್ಯವಿಭಜನೆಯನ್ನು ಇಂಗ್ಲಿಷ್ ಶಾಲೆಗಳಲ್ಲಿ ಬೇರೂರಿಸಿದವರಲ್ಲಿ ಪ್ರಮುಖನು ಶಾಲಾ ತಪಾಸಣಾಧಿಕಾರಿಯಾಗಿದ್ದ ಮೊರೆಲ್. ಅವನ ಪುಸ್ತಕ ಬಂದದ್ದು ೧೮೫೨ರಲ್ಲಿ, ಅದಕ್ಕೆ ಮೇಲ್ಪಂಕ್ತಿ ಜರ್ಮನಿಯ ಬೆಕರ್. ಭಾರತದ ವಿದ್ಯಾ ಇಲಾಖೆಯಲ್ಲಿದ್ದ ನೆಸ್‌ಫೀಲ್ಡ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದನ್ನು ಇಲ್ಲಿಯ ಮಕ್ಕಳ ಚೀಲಕ್ಕೆ ಸೇರಿಸಿದರು. ೧೯೩೦ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಜೋಡಿ ಆ ಹೊರೆಯನ್ನು ಭದ್ರವಾಗಿ ಕಟ್ಟಿತು. ಇಂಗ್ಲಿಷ್ ಮಾತೃಭಾಷೆಯಾದ ಮಕ್ಕಳಿಗೆ ಹೊಂದುವಂತೆ ಹುಟ್ಟಿದ ಪದ್ಧತಿಗೆ ಕನ್ನಡದ ಮಗು ಎಲ್ಲಿ ಜಾರೀತೆಂಬುದು ಹೇಗೆ ಗೊತ್ತಿರಬೇಕು?

ಮರುದಿನ ಮೊಮ್ಮಗಳಿಗೆ ಮೂರು ವಾಕ್ಯಗಳು ಸಿಕ್ಕಿದವು. ‘ಐ ನೋ ವೇರ್ ಹಿ ಲಿವ್ಸ್.’ ‘ಐ ನೋ ದಿ ಹೌಸ್ ವೇರ್ ಹಿ ಲಿವ್ಸ್.’ ‘ಐ ಲಿವ್ ವೇರ್ ಹಿ ಲಿವ್ಸ್.’ ಮೂರರಲ್ಲಿಯೂ ‘ವೇರ್ ಹಿ ಲಿವ್ಸ್’ ಎಂಬ ಅಧೀನ ವಾಕ್ಯ ಅಕ್ಷರವೂ ಬದಲಾಗದೆ ಕುಳಿತಿದೆ. ಆದರೆ ಮೊದಲನೆಯದರಲ್ಲಿ ಅದು ನಾಮಪದದ ಕೆಲಸ ಮಾಡುತ್ತದೆ, ಎರಡನೆಯದರಲ್ಲಿ ವಿಶೇಷಣದ್ದು, ಮೂರನೆಯದರಲ್ಲಿ ಕ್ರಿಯಾವಿಶೇಷಣದ್ದು. ಇಂಗ್ಲಿಷನ್ನೇ ದಿಟ್ಟಿಸಿದರೆ ಮೂರೂ ಒಂದೇ. ಕನ್ನಡಕ್ಕೆ ತಂದ ಕೂಡಲೆ ವೇಷ ಕಳಚಿ ಬೀಳುತ್ತದೆ: ‘ಅವನು ಎಲ್ಲಿ ವಾಸಿಸುತ್ತಾನೆಂಬುದು ನನಗೆ ಗೊತ್ತು’, ‘ಅವನು ವಾಸಿಸುವ ಮನೆ ನನಗೆ ಗೊತ್ತು’, ‘ಅವನು ವಾಸಿಸುವಲ್ಲಿಯೇ ನಾನೂ ವಾಸಿಸುತ್ತೇನೆ’. ಒಂದಕ್ಕೆ ‘ಎಂಬುದು’, ಇನ್ನೊಂದಕ್ಕೆ ಬರಿಯ ‘ವಾಸಿಸುವ’, ಮತ್ತೊಂದಕ್ಕೆ ‘ವಾಸಿಸುವಲ್ಲಿ’. ಮೂರು ಬಾಲಗಳು, ಮೂರು ಜಾತಿಗಳು. ಹುಡುಗಿ ಅರ್ಧ ಗಂಟೆಯಲ್ಲಿ ಪುಟ ತುಂಬಿಸಿದಳು.

ಕನ್ನಡದ ಕೀಲಿಕೈ ಎಲ್ಲ ಬೀಗಕ್ಕೂ ಆಗುತ್ತದೆಂದಲ್ಲ. ‘ಅವನು ಬರುತ್ತಾನೆ ಎಂದು ಅವಳು ಹೇಳಿದಳು’ ಎಂಬಲ್ಲಿ ನಮ್ಮಲ್ಲಿಯೂ ಪೂರ್ಣಕ್ರಿಯೆ ಎರಡಾಗುತ್ತವೆ. ಆದರೆ ‘ಎಂದು’ ಎಂಬ ಕಾವಲುಗಾರ ಬೆನ್ನ ಹಿಂದೆಯೇ ನಿಂತಿರುತ್ತಾನೆ. ಇಂಗ್ಲಿಷಿನಲ್ಲಿ ಆ ಕಾವಲಿಗಿರುವ ‘ದ್ಯಾಟ್’ ಅನೇಕ ವೇಳೆ ರಜೆಯ ಮೇಲಿರುತ್ತಾನೆ: ‘ಐ ಥಿಂಕ್ ಹಿ ಈಸ್ ಇಲ್.’ ಇಲ್ಲಿ ಟೊಪ್ಪಿಗೆಯೇ ಇಲ್ಲ. ಇಲ್ಲದ ಟೊಪ್ಪಿಗೆಯನ್ನು ಊಹಿಸಿಕೊಳ್ಳಬೇಕು. ಅಧೀನ ವಾಕ್ಯವನ್ನು ತೆಗೆದುಹಾಕಿದರೆ ಉಳಿದದ್ದು ಪ್ರಧಾನ ವಾಕ್ಯವೆಂಬ ಸೂತ್ರವೊಂದನ್ನು ಕೆಲವರು ಹೇಳಿಕೊಡುವುದುಂಟು. ‘ವಾಟ್ ಹಿ ಸೆಡ್ ವಾಸ್ ಟ್ರೂ’ ಎಂಬಲ್ಲಿ ಹಾಗೆ ಮಾಡಿದರೆ ‘ವಾಸ್ ಟ್ರೂ’ ಎಂಬ ಮುಂಡವಷ್ಟೇ ಉಳಿಯುತ್ತದೆ. ಏಕೆಂದರೆ ಅಲ್ಲಿ ಆಳೇ ಯಜಮಾನನ ತಲೆಯಾಗಿದ್ದಾನೆ. ಇನ್ನು ನಮ್ಮ ‘ಆದರೆ’ಯ ಚೇಷ್ಟೆ ಬೇರೆ: ‘ಮಳೆಯಾದರೆ’ ಎಂಬಲ್ಲಿ ಅದು ‘ಇಫ್’, ವಾಕ್ಯದ ಮೊದಲಲ್ಲಿ ನಿಂತರೆ ‘ಬಟ್’!

ಮೂರು ವಾರಗಳು ಹೀಗೆ ಕಳೆದವು. ಆ ಹೊತ್ತಿಗೆ ಮನೆಗೆ ಒಂದು ಕಾಗದ ಬಂದಿತು.

ಮೇಷ್ಟರ ಸೊಸೆಗೆ ಬೇಸಗೆಯಲ್ಲಿ ಪಿತ್ತಕೋಶದ ಕಲ್ಲಿಗಾಗಿ ಶಸ್ತ್ರಚಿಕಿತ್ಸೆಯಾಗಿತ್ತು. ಮಗ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವವನು. ಸ್ನೇಹಿತರಲ್ಲಿ ಸಾಲ ತಂದು ಆಸ್ಪತ್ರೆಗೆ ಕಟ್ಟಿದ್ದ. ವಿಮೆಯ ಹಣ ಬಂದರೆ ಸಾಲ ತೀರಬೇಕು. ಬೆಂಗಳೂರಿನ ವಿಮಾ ಕಚೇರಿಯ ಆ ಕಾಗದವನ್ನು ಅವನು ಬಾಗಿಲಲ್ಲಿಯೇ ಒಡೆದು ಓದಿ, “ಮಂಜೂರಾಯಿತು!” ಎಂದು ಕೂಗಿದ. ಅಂದು ರಾತ್ರಿ ಮನೆಯಲ್ಲಿ ಪಾಯಸ. ಕಾಗದ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಕೊಂಡಿತು.

ಎರಡು ದಿನಗಳ ಮೇಲೆ ಮೊಮ್ಮಗಳು ಅಭ್ಯಾಸಕ್ಕೆ ವಾಕ್ಯಗಳು ಸಾಲದೆ ಆ ಕಾಗದವನ್ನು ತೆಗೆದುಕೊಂಡು ಕುಳಿತಳು. ‘ಆಲ್ದೋ ಯುವರ್ ಕ್ಲೈಮ್ ಹ್ಯಾಸ್ ಬೀನ್ ಅಪ್ರೂವ್ಡ್, ನೋ ಪೇಮೆಂಟ್ ಕ್ಯಾನ್ ಬಿ ಮೇಡ್ ಅನ್‌ಲೆಸ್ ದಿ ಒರಿಜಿನಲ್ ಬಿಲ್ಸ್ ರೀಚ್ ದಿಸ್ ಆಫೀಸ್ ವಿದಿನ್ ಫಿಫ್ಟೀನ್ ಡೇಸ್ ಆಫ್ ದಿಸ್ ಲೆಟರ್.’ ಪೂರ್ಣಕ್ರಿಯೆಗಳು ಮೂರು. ‘ಆಲ್ದೋ’ ಒಂದು ಟೊಪ್ಪಿಗೆ, ‘ಅನ್‌ಲೆಸ್’ ಇನ್ನೊಂದು. ನಡುವೆ ಬರಿದಲೆಯಲ್ಲಿ ನಿಂತ ಯಜಮಾನ: ‘ನೋ ಪೇಮೆಂಟ್ ಕ್ಯಾನ್ ಬಿ ಮೇಡ್.’

“ತಾತ, ಇದರಲ್ಲಿ ಪ್ರಧಾನ ವಾಕ್ಯ ‘ಹಣ ಕೊಡಲಾಗುವುದಿಲ್ಲ’ ಎಂದಲ್ಲವೇ?”

ಮೇಷ್ಟರು ಕನ್ನಡಕ ಹುಡುಕಿದರು. ಮಗನೂ ಬಂದ. ಅವನು ಇಂಗ್ಲಿಷ್ ಬಾರದವನಲ್ಲ, ಬಿ.ಕಾಂ. ಪಾಸಾದವನು, ಮೇಲಾಗಿ ಇಂಗ್ಲಿಷ್ ಮೇಷ್ಟರ ಮಗ. ‘ಅಪ್ರೂವ್ಡ್’ ಎಂಬ ಪೂರ್ಣಕ್ರಿಯೆ ಕಣ್ಣಿಗೆ ಬಿದ್ದೊಡನೆ ವಾಕ್ಯ ಮುಗಿಯಿತೆಂದು ಅವನ ಮನಸ್ಸು ನಿಂತುಬಿಟ್ಟಿತ್ತು. ಅದೇ ಕಾಗದ ಕನ್ನಡದಲ್ಲಿದ್ದು, ‘ಮಂಜೂರಾಗಿದ್ದರೂ’ ಎಂದಿದ್ದರೆ ಆ ‘ರೂ’ ಎಂಬ ಒಂದಕ್ಷರವೇ ಅವನ ಅಂಗಿ ಹಿಡಿದೆಳೆದು ಮುಂದಕ್ಕೆ ಓದಿಸುತ್ತಿತ್ತು. ಸಾಲದಲ್ಲಿರುವವನು ಒಳ್ಳೆಯ ಸುದ್ದಿಯ ಮೇಲೆ ಬೇಗ ಕಾಲೂರುತ್ತಾನೆಂಬುದನ್ನೂ ಇಲ್ಲಿ ಸೇರಿಸಬೇಕು. ಮನೆಮಂದಿ ಮಾಡಬೇಕಾಗಿದ್ದ ಕೆಲಸವಾದರೋ ಪ್ರಧಾನದಲ್ಲಿಯೂ ಇರಲಿಲ್ಲ. ಅದು ‘ಅನ್‌ಲೆಸ್’ ಎಂಬ ಕೊನೆಯ ಆಳಿನ ಜೋಳಿಗೆಯಲ್ಲಿತ್ತು.

ಕಾಗದ ಬರೆದು ಹನ್ನೊಂದು ದಿನಗಳಾಗಿದ್ದವು. ಉಳಿದದ್ದು ನಾಲ್ಕು, ಅದರಲ್ಲೊಂದು ಭಾನುವಾರ. ಅಲ್ಮೀರದಲ್ಲಿ ಸೀರೆಗಳ ಕೆಳಗಿದ್ದ ಆಸ್ಪತ್ರೆಯ ಚೀಲ ಹೊರಗೆ ಬಂದಿತು. ಎಲ್ಲ ಬಿಲ್ಲುಗಳೂ ಇದ್ದವು, ಔಷಧದಂಗಡಿಯದೊಂದರ ಹೊರತು. ಅದಕ್ಕಾಗಿ ಅಡುಗೆಮನೆಯ ಡಬ್ಬಗಳನ್ನೂ ಕೆಳಗಿಳಿಸಿದರು. ಸೊಸೆ ಭಾರ ಎತ್ತಬಾರದೆಂದು ವೈದ್ಯರು ಹೇಳಿದ್ದುದರಿಂದ ಅವಳು ಮಂಚದ ಮೇಲೆ ಕುಳಿತು, ಅಲ್ಲಿ ನೋಡಿ, ಇಲ್ಲಿ ನೋಡಿ ಎನ್ನುತ್ತಿದ್ದಳು. ಕೊನೆಗೆ ಬಿಲ್ಲು ಸಿಕ್ಕಿದ್ದು ದೇವರ ಗೂಡಿನ ಪಕ್ಕದಲ್ಲಿ, ಅಜ್ಜಿಯ ಕಾಗದದ ಕಟ್ಟಿನೊಳಗೆ. ಅದರ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಒಂದು ತಿಂಗಳ ಹಾಲಿನ ಲೆಕ್ಕವಿತ್ತು.

ಮಗ ಕಚೇರಿಗೆ ರಜೆ ಹಾಕಿ, ಸೋಮವಾರದ ಬೆಳಗಿನ ರೈಲಿಗೆ ಬಿಲ್ಲುಗಳನ್ನು ಎದೆಗವಚಿಕೊಂಡು ಬೆಂಗಳೂರಿಗೆ ಹೊರಟ. ಕೈಯಾರೆ ಕೊಟ್ಟು, ರಸೀದಿ ಪಡೆದು ರಾತ್ರಿಗೆ ಹಿಂದಿರುಗಿದ. ತಿಂಗಳು ಕಳೆದು ಇನ್ನೊಂದು ಕಾಗದ ಬಂದಾಗ ಅದನ್ನು ಯಾರೂ ಒಡೆಯಲಿಲ್ಲ. ಹುಡುಗಿ ಶಾಲೆಯಿಂದ ಬರುವವರೆಗೆ ಮೇಜಿನ ಮೇಲಿಟ್ಟರು. ಅವಳು ನಿಂತಂತೆಯೇ ಓದಿದಳು: ‘ದಿ ಅಮೌಂಟ್ ಹ್ಯಾಸ್ ಬೀನ್ ಕ್ರೆಡಿಟೆಡ್ ಟು ಯುವರ್ ಅಕೌಂಟ್.’ ಮೇಷ್ಟರು ತಲೆಯಲ್ಲೇನಾದರೂ ಇದೆಯೇ ಎಂದು ಕೇಳಿದರು. ಏನೂ ಇಲ್ಲವೆಂದು ಅವಳು ಕಾಗದವನ್ನು ಅವರ ಕೈಗೆ ಕೊಟ್ಟಳು.

ಅಜ್ಜಿ ಮಾತ್ರ ಬಾಗಿಲಿಗೆ ಬಂದು, ಆ ಔಷಧದ ಬಿಲ್ಲನ್ನು ಅವರು ಹಿಂದಕ್ಕೆ ಕಳಿಸಿದ್ದಾರೆಯೇ ಎಂದು ವಿಚಾರಿಸಿದರು. ಹಾಲಿನವನು ಎರಡು ಲೀಟರು ಹೆಚ್ಚಿಗೆ ಹೇಳುತ್ತಿದ್ದಾನಂತೆ.